ಎಡಗಡೆಯ ಬೆಳಕು

ಬಿಸಿಲು ತನ್ನ ಬಲಗೆನ್ನೆಯ ಮೇಲೆ ಬೀಳುತ್ತಿದೆ ಎಂಬುದು ಕುಂದಗೋಳ ಬರುವವರೆಗೆ ರೂಬಿನಾಳ ಗಮನಕ್ಕೆ ಬಂದಿರಲಿಲ್ಲ. ಬಂದ ಮೇಲೆ ಅದನ್ನು ಬಿಡಿಸಿಕೊಳ್ಳಲಾಗಲಿಲ್ಲ. ಯಾರೋ ತಪ್ಪು ಕಡೆಯಿಂದ ಮುಟ್ಟುತ್ತಿರುವಂತೆ ಕೆನ್ನೆ ಒರೆಸಿಕೊಂಡಳು. ಬಸ್ಸಿನ ತುಂಬ ಸಂತೆ ಮುಗಿಸಿ ಊರಿಗೆ ಹೊರಟವರ ಚೀಲಗಳು, ಜಾಗ ಬದಲಿಸುವಂತಿರಲಿಲ್ಲ. ಹುಬ್ಬಳ್ಳಿಯ ಕೋಣೆಯಲ್ಲಿ, ಮೇಜಿನ ಎಡತುದಿಗೆ ತಿರುಪು ಹಾಕಿ ಕೂರಿಸಿದ ದೀಪದ ಕೆಳಗೆ ಅವಳು ಇಷ್ಟು ವರ್ಷ ಬರೆದ ಮಡಕೆಚೂರು, ಮಣಿ, ಬೀಸುಕಲ್ಲು, ವೀರಗಲ್ಲು ಎಲ್ಲದರ ಮೇಲೂ ಬೆಳಕು ಎಡಮೇಲಿನಿಂದಲೇ ಬಿದ್ದಿತ್ತು. ಅಗೆದು ತೆಗೆದ ವಸ್ತುಗಳ ಚಿತ್ರ ಬರೆಯುವವರಿಗೆ ಅದು ನಿಯಮ. ವಸ್ತು ಎಲ್ಲಿಯದೇ ಇರಲಿ, ಕಾಗದದ ಮೇಲೆ ಎಡಕ್ಕೆ ಬೆಳಕು, ಬಲಕ್ಕೆ ನೆರಳು. ನೆರಳು ಬಲ ಅಂಚಿಗಿದ್ದರೆ ಅದು ಉಬ್ಬು. ಎಡ ಅಂಚಿಗಿದ್ದರೆ ತಗ್ಗು. ಓದುವವರ ಕಣ್ಣು ಇದನ್ನು ಯಾರನ್ನೂ ಕೇಳದೆ ನಂಬುತ್ತದೆ. ಬಲಗೈಯವನೊಬ್ಬ ತನ್ನ ಕೈಯ ನೆರಳು ಹಾಳೆಗೆ ಅಡ್ಡ ಬರದಿರಲೆಂದು ಯಾವ ಕಾಲದಲ್ಲೋ ದೀಪವನ್ನು ಎಡಕ್ಕಿಟ್ಟಿರಬೇಕು. ಅಂದಿನಿಂದ ಪುಸ್ತಕಗಳೊಳಗಿನ ಸೂರ್ಯ ಅಲ್ಲಿಂದ ಕದಲಿಲ್ಲ. ಆ ಸೂರ್ಯನ ಕೆಳಗೆ ಸಂಜೆಯಾಗುವುದಿಲ್ಲ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸಿದ್ದಿದೆ, ಮತ್ತು ಅನ್ನಿಸಿದಾಗ ಅಪ್ಪನ ತಾಯಿ, ದಾದಿ ರಹೀಮಾಬಿಯ ಕಥೆಯ ಊರೊಂದು ನೆನಪಾಗುತ್ತಿತ್ತು. ಆ ಊರಿನಲ್ಲಿ ಯಾರೂ ಮಲಗುವುದಿಲ್ಲ, ಏಕೆಂದರೆ ಅದನ್ನು ಬರೆದವನು ಕತ್ತಲೆ ಬರೆಯಲು ಮರೆತಿದ್ದ.

ಅಚ್ಚಿಗೆ ಹೋಗಬೇಕಾದ ಹಾಳೆಗಳನ್ನು ನಿನ್ನೆ ಕೊನೆಯ ಸಲ ಫೋಟೋಗಳ ಜೊತೆಗಿಟ್ಟು ನೋಡುತ್ತಿದ್ದಾಗ, ಯರಗುಪ್ಪಿ ಹೊಲದ ಕಲ್ಲಿನ ಫೋಟೋದ ಅಂಚಿನಲ್ಲಿ ಅಳತೆಗೆಂದು ಆನಿಸಿಟ್ಟ ಕಪ್ಪು ಬಿಳಿ ಕೋಲು ಕಂಡಿತು. ಅದರ ನೆರಳು ಎಡಕ್ಕೆ ಬಿದ್ದಿತ್ತು. ಅವಳು ಚಿತ್ರ ಬರೆಯುವಾಗ ಆ ಕೋಲನ್ನು ಬಿಟ್ಟು ಕೆಳಗೆ ಅಚ್ಚುಕಟ್ಟಾದ ಅಳತೆಪಟ್ಟಿ ಎಳೆದಿದ್ದಳು, ಪಟ್ಟಿಗೆ ನೆರಳಿರುವುದಿಲ್ಲ. ನೆರಳು ಎಡಕ್ಕೆ ಎಂದರೆ ಬೆಳಕು ಬಲದಿಂದ. ಅಂದರೆ ತಾನು ಉಬ್ಬು ಎಂದು ಓದಿದ ಭುಜ, ಎತ್ತಿದ ತೋಳು, ಸೊಂಟದ ಬಳುಕು ಎಲ್ಲವೂ ತಗ್ಗು ಇರಬಹುದು. ಕಲ್ಲಿನಿಂದ ಮುಂದೆ ಬಂದು ನಿಂತ ಹೆಂಗಸಲ್ಲ, ಹೆಂಗಸಿನ ಆಕಾರದ ಕುಳಿ. ಅವಳು ಆ ಕಲ್ಲನ್ನು ಕಂಡವಳೇ ಅಲ್ಲ. 'ಬಿಸಲಾಗ ನೀ ಯಾಕ ಬರ್ತಿ, ಕೋಣ್ಯಾಗ ಕುಂತು ಬರಿ' ಎಂದು ಈರೇಶ ಸರ್ ಪ್ರೀತಿಯಿಂದಲೇ ಹೇಳಿದ್ದರು. ಯರಗುಪ್ಪಿಯ ದಿಬ್ಬ ಅಗೆಸಿದವರು ಅವರು, ವರದಿ ಬರೆದವರೂ ಅವರೇ. ಮೊದಲು ಅವಳು ಎತ್ತಿದ ತೋಳನ್ನು ಮುರಿದ ಗೆರೆಯಲ್ಲಿ ತೋರಿಸಿದ್ದಳು. ಮುರಿದ ಗೆರೆ ಎಂದರೆ ಊಹೆ, ಅಷ್ಟೇ. 'ಗೆರಿ ಮುರದ್ರ ಓದೋರಿಗೆ ನಮ್ಮ ಮ್ಯಾಲಿನ ನಂಬಿಗಿ ಮುರಿತೈತಿ' ಎಂದರು ಸರ್. ಅವಳು ಗೆರೆಗಳನ್ನು ಕೂಡಿಸಿದಳು. ಕೂಡಿಸುವುದು ಎಷ್ಟು ಸುಲಭವಾಗಿತ್ತು. ಆಮೇಲೆ ಧಾರವಾಡದ ವಿಚಾರಗೋಷ್ಠಿಯಲ್ಲಿ ಆ ಹೆಂಗಸು ಗೋಡೆಯ ತುಂಬ ನಿಂತಾಗ, ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ ರೂಬಿನಾಗೆ 'ಚಾ ಆತೇನ ನೋಡಿ ಬಾರವಾ' ಎಂದಿದ್ದರು. ಇವಳು ಎದ್ದಳು. ಪ್ರೊಜೆಕ್ಟರಿನ ಕಿರಣಕ್ಕೆ ಅಡ್ಡ ಹಾಯುವಾಗ ಇವಳ ತಲೆಯ ನೆರಳು ಗೋಡೆಯ ಹೆಂಗಸಿನ ತಲೆಯ ಮೇಲೆ ಹೋಗಿ ಕೂತಿತು, ಅಳತೆ ತೆಗೆದಂತೆ ಸರಿಯಾಗಿ ಕೂತಿತು. ಯಾರೋ ಸಣ್ಣಗೆ ನಕ್ಕರು. ಆದರೂ ಈ ಪುಸ್ತಕದಲ್ಲಿ, ಮೊದಲ ಸಲ, ಚಿತ್ರದ ಕೆಳಗೆ 'ರೇಖೆ: ರೂಬಿನಾ' ಎಂದು ಇರುತ್ತದೆ. ಸರ್ ಮಾತು ಕೊಟ್ಟಿದ್ದಾರೆ. ಇಷ್ಟು ಪುಸ್ತಕಗಳಲ್ಲಿ ಅವಳ ಕೈ ಇತ್ತು, ಹೆಸರಿರಲಿಲ್ಲ. ಪುಸ್ತಕ ನಾಳೆ ಅಚ್ಚಿಗೆ.

ಯರಗುಪ್ಪಿಯ ಸ್ಟ್ಯಾಂಡಿನಲ್ಲಿ ಹೊಳೆಪ್ಪ ಮೋಟರ್‌ಸೈಕಲ್ ಮೇಲೆ ಕಾದಿದ್ದ. ಕಲ್ಲು ಅವನ ಮನೆತನದ ಹೊಲದ ಬದುವಿನಲ್ಲಿತ್ತು. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು.

"ನೀವ ಏನ್ರಿ ಆ ಚಿತ್ರಾ ತಗದಾಕಿ? ನಾ ಯಾರೋ ಮುದುಕಿ ಇರಬೇಕು ಅನ್ಕೊಂಡಿದ್ನಿ. ಕೈ ಅಷ್ಟ ಪಳಗೇತಿ."

"ಹೌದ್ರಿ ಕಾಕಾ, ನಾನ."

"ಅಲ್ಲವಾ, ನಾ ಸಣ್ಣಾಂವ ಇದ್ದಾಗಿಂದ ಆ ಕಲ್ಲಿಗೆ ಎತ್ತ ಕಟ್ಟೇನಿ. ಒಂದ ದಿನಾನೂ ಆಕಿ ನನಗ ಕಂಡಿದ್ದಿಲ್ಲ. ನೀ ತಗದ ಮ್ಯಾಲೆ ನೋಡು, ಕಣ್ಣಿಗೆ ಹೊಡದಂಗ ನಿಂತಾಳ. ಈಗ ಎತ್ತ ಕಟ್ಟಾಕ ನಾಚಿಕಿ ಬರ್ತೈತಿ." ಗಾಡಿ ಎಬ್ಬಿಸುತ್ತ ನಕ್ಕ. "ಊರಾಗ ಎಲ್ಲಾರಿಗೂ ಅಗದಿ ಸೇರೇತಿ. ನಮ್ಮ ಅಣ್ಣನ ಹೇಣ್ತಿ, ವೈನಿ ಅನ್ನವ್ವ ಒಬ್ಬಾಕಿ ಬಿಟ್ಟು."

"ಅವರ ಏನಂತಾರ್ರಿ?"

"ಏನಂತಾಳ, ಕಲ್ಲ ತುಂಬೇತಿ ಅಂತಾಳ. ಕಲ್ಲೇನ ಕೊಡಾ ಏನು ತುಂಬಾಕ? ಮಗಳ ಹ್ವಾದಾಗಿಂದ ಆಕಿದು ಹಿಂಗ ಆಗೇತಿ. ನೀ ಮನಸಿಗೆ ಹಚ್ಕೋಬ್ಯಾಡ."

ಬಿಳಿಜೋಳದ ತೆನೆಗಳು ದಾರಿಯ ಎರಡೂ ಕಡೆ ಅಲ್ಲಾಡದೆ ನಿಂತಿದ್ದವು. ಎರೆಮಣ್ಣು ಬಿರುಕು ಬಿಟ್ಟಿತ್ತು. ಒಂದೊಂದು ಬಿರುಕು ಕೈ ಇಳಿಯುವಷ್ಟು. ಮೇಲಿನಿಂದ ನೋಡಿದರೆ ಅವು ಕರಿ ಗೆರೆಗಳಂತೆ ಉಬ್ಬಿ ಕಾಣುತ್ತಿದ್ದವು. ರೂಬಿನಾ ಕಣ್ಣು ಹೊರಳಿಸಿದಳು. ಹೊಳೆಪ್ಪ ಅವಳನ್ನು ಬದುವಿನ ಹತ್ತಿರ ಇಳಿಸಿ, ನೀರು ಬಿಡುವುದಿದೆ, ಬಸ್ಸಿನ ಹೊತ್ತಿಗೆ ಬರುತ್ತೇನೆ ಎಂದು ಹೊರಟುಹೋದ.

ನಾಲ್ಕು ಕಬ್ಬಿಣದ ಕಂಬಕ್ಕೆ ತಗಡು ಹೊದಿಸಿ ಕಲ್ಲಿಗೆ ನೆರಳು ಮಾಡಿದ್ದರು. ಆದರೆ ಚೆಂಡುಹೂವಿನ ಮಾಲೆ ಕಲ್ಲಿಗಿರಲಿಲ್ಲ. ಅದು ಪಕ್ಕದ ಕಂಬಕ್ಕೆ ತೂಗುಹಾಕಿದ ಚೌಕಟ್ಟಿನ ಗಾಜಿಗಿತ್ತು. ಗಾಜಿನ ಹಿಂದೆ ಅವಳ ಚಿತ್ರ. ಹಣೆಯಿರುವಲ್ಲಿ ಗಾಜಿನ ಮೇಲೆ ಕುಂಕುಮ, ಪಾದಗಳಲ್ಲಿ ಅರಿಷಿಣ. ಅವಳು ಎರಡು ವಾರ ಚುಕ್ಕಿ ಇಟ್ಟು ಇಟ್ಟು ಎಬ್ಬಿಸಿದ ಹೆಂಗಸು ಎಡಮೇಲಿನ ಬೆಳಕಿನಲ್ಲಿ ಎದೆಯೆತ್ತಿ ನಿಂತಿದ್ದಳು; ಕಲ್ಲು ಅವಳ ಪಕ್ಕದಲ್ಲಿ ಅವಳದೇ ಮಬ್ಬು ನಕಲಿನಂತೆ ಇತ್ತು. ರೂಬಿನಾ ಕಲ್ಲಿನತ್ತ ತಿರುಗಿದಳು. ಕಲ್ಲಿನ ಮುಖ ದಕ್ಷಿಣಕ್ಕೆ. ಸರ್ ಫೋಟೋ ತೆಗೆದಾಗ ಬೆಳಗಾಗಿದ್ದಿರಬೇಕು, ಬಿಸಿಲು ಬಲದಿಂದ ಬಂದಿರಬೇಕು, ಎಲ್ಲ ಲೆಕ್ಕ ಸರಿಯಿತ್ತು. ಈಗ ತಗಡಿನ ಕೆಳಗೆ ಎಡವೂ ಇಲ್ಲ, ಬಲವೂ ಇಲ್ಲ, ಬೂದಿಯಂಥ ಬೆಳಕು. ಮತ್ತು ಅವಳಿಗೆ ಕಂಡದ್ದು ಉಬ್ಬು. ತಗ್ಗೆಂದು ಗೊತ್ತಿದ್ದೂ ಬಂದವಳಿಗೆ ಭುಜ ಕಂಡಿತು, ತೋಳು ಕಂಡಿತು. ಕೈ ಮುಂದೆ ಮಾಡಿದಳು. ಅಂಗೈಗೆ ಭುಜ ಸಿಕ್ಕಿತು, ತಣ್ಣಗೆ, ದುಂಡಗೆ, ಒಳಗೆ ಎಲುಬಿರುವಂತೆ ಗಟ್ಟಿಯಾಗಿ. ಎದೆಯಲ್ಲಿ ಏನೋ ಇಳಿದುಹೋಯಿತು. ಅದು ಸಂತೋಷ ಎಂದು ತಿಳಿದು ನಾಚಿಕೆಯಾಯಿತು: ಹಾಗಾದರೆ ತಪ್ಪಿಲ್ಲ, ಹಾಗಾದರೆ ಹೆಸರು ಉಳಿಯಿತು. ಆಗ ಗಾಳಿಗೆ ಚಿತ್ರದ ಗಾಜು ಹೊರಳಿ ಬಿಸಿಲು ಕಣ್ಣಿಗೆ ಹೊಡೆಯಿತು. ಅವಳು ರೆಪ್ಪೆ ಮುಚ್ಚಿದಳು. ಕೈ ಒಳಗೆ ಹೋಯಿತು. ಬೆರಳು, ಅಂಗೈ, ಮಣಿಕಟ್ಟು, ನಿಧಾನಕ್ಕೆ ನೀರಿಗೆ ಇಳಿದಂತೆ. ಒಳಗೆಲ್ಲ ನುಣುಪು. ತುಂಬ ಜನರ ಕೈ ಆಡಿದ ನುಣುಪು, ಬಾಗಿಲ ಹೊಸ್ತಿಲಿಗೆ ಇರುವಂಥದ್ದು. ಕಣ್ಣು ತೆರೆದಾಗ ಕೈ ಹೊರಗಿತ್ತು. ತಾನು ಎಳೆದುಕೊಂಡಿದ್ದೆನೇ ಎಂದು ನೆನಪು ಮಾಡಿಕೊಂಡಳು. ಎಳೆದುಕೊಂಡ ನೆನಪಿರಲಿಲ್ಲ.

"ನೀನ ಏನ ಆಕಿನ್ನ ಕರಕೊಂಡ ಬಂದಾಕಿ?"

ಬದುವಿನ ಮೇಲೆ ಎತ್ತರದ ಹೆಂಗಸೊಬ್ಬಳು ನಿಂತಿದ್ದಳು. ಸೆರಗಿನ ತುಂಬ ಹಸಿಕಡಲೆಯ ಗಿಡ, ಕೊರಳಲ್ಲಿ ಬೆಳ್ಳಿಯ ಲಿಂಗದಕಾಯಿ. ತಗಡಿನ ನೆರಳಿನ ಅಂಚಿನಾಚೆಯೇ ನಿಂತಿದ್ದಳು. ಅನ್ನವ್ವ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಾ ಯಾರನ್ನೂ ಕರಕೊಂಡ ಬಂದಿಲ್ರಿ ದೊಡ್ಡವ್ವ. ಚಿತ್ರ ಅಷ್ಟ ಬರದೇನಿ."

"ಅದನ್ನ ಅಂದ್ನಿ." ಸೆರಗು ಬಿಚ್ಚಿ ಕಡಲೆಗಿಡವನ್ನು ನೆಲಕ್ಕೆ ಸುರುವಿ ಕೂತಳು. "ಕುಂಡ್ರು. ಹಸದಿರಬೇಕು, ತಿನ್ನು. ನಿನ್ನ ಮ್ಯಾಲೆ ಸಿಟ್ಟಿಲ್ಲ ನನಗ. ಹೊಳೆಪ್ಪನ ಮ್ಯಾಲೆ ಐತಿ. ದೀಪಾವಳಿಗೆ ನಿಮ್ಮ ಸರ್ ಕೊಟ್ಟ ಆ ಪಟಾ ತಂದು ಇಲ್ಲಿ ಹಚ್ಚಿದಾ. ಅವತ್ತಿಂದ ನನ್ನ ಕೈ ಒಳಗ ಹೋಗವಲ್ದು."

ರೂಬಿನಾ ಒಂದು ಕಾಯಿ ಬಿಡಿಸಿದಳು. ಒಳಗೆ ಕಾಳಿರಲಿಲ್ಲ.

"ಇದನ್ನ ನಾವು ಹೋದಾಕಿ ಕಲ್ಲ ಅಂತೀವಿ," ಅನ್ನವ್ವ ಹೇಳಿದಳು, ಕಾಯಿ ಸುಲಿಯುತ್ತ, ದನಿ ಏರಿಸದೆ. "ಒಬ್ಬಾಕಿ ಇದರಾಗ ಇದ್ಲಂತ. ಒಂದ ದಿನಾ ಎದ್ದ ಹ್ವಾದ್ಲು. ಯಾಕ ಹ್ವಾದ್ಲು, ಎಲ್ಲಿಗೆ ಹ್ವಾದ್ಲು, ಯಾರಿಗೆ ಗೊತ್ತು. ಜಾಗಾ ಉಳೀತು. ನಮ್ಮ ಮನಿತನದಾಗ ಯಾರರೆ ಹೋಗಿ ಬರಲಿಲ್ಲಂದ್ರ ಹೆಣ್ಣಮಕ್ಕಳು ಮುಂಜಾನೆದ್ದು ಬಂದು ಒಳಗ ಕೈ ಇಟ್ಟ ನೋಡೂದು. ಖಾಲಿ ಐತಿ ಅಂದ್ರ ಆತು. ಜಾಗಾ ಇದ್ದಾಕಿ ಬರ್ತಾಳ. ನನ್ನ ಶೈಲಾ ಹುಬ್ಬಳ್ಳಿಗೆ ಪರೀಕ್ಷಾ ಬರೆಯಾಕ ಹೋಗಿದ್ಲು. ಬಸ್ಸ ಹತ್ತಿದ್ದ ನಾನ ನೋಡೇನಿ. ಇಳದದ್ದ ಯಾರೂ ನೋಡಿಲ್ಲ. ಪೊಲೀಸರು ಬಂದ್ರು, ಫೋಟೋ ಒಯ್ದ್ರು. ದಿನಾ ಮುಂಜಾನೆ ಬಂದು ನಾ ಇಲ್ಲಿ, ಆಕಿ ಭುಜದ ಮಟ್ಟಕ್ಕ, ಕೈ ಇಡತಿದ್ನಿ. ಖಾಲಿ ಇರತಿತ್ತು. ಮನಿಗೆ ಹೋಗಿ ರೊಟ್ಟಿ ಬಡೀತಿದ್ನಿ. ಈಗ ಯಾಕೀನೋ ಬಂದು ನಿಂತಾಳ. ಕೈ ಇಟ್ರ ಭುಜಾ ಹತ್ತತೈತಿ. ನನ್ನ ಮಗಳದ್ದಲ್ಲ."

"ಕಣ್ಣ ಮುಚ್ಚಿದ್ರ ಒಳಗ ಹೋಕ್ಕೈತ್ರಿ. ನಾ ಈಗ ನೋಡಿದ್ನಿ."

"ಕಣ್ಣ ಮುಚ್ಚಿದ್ರ ಎಲ್ಲಾ ಆಗ್ತೈತಿ, ತಂಗಿ. ಕಣ್ಣ ಮುಚ್ಚಿದ್ರ ಶೈಲಾನೂ ಬರ್ತಾಳ." ಅನ್ನವ್ವ ಎದ್ದು ಚಿತ್ರದ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. "ಮಾರಿ ಯಾರದಿದು? ಕಲ್ಲಾಗ ಮಾರಿ ಇದ್ದಿಲ್ಲ."

ಇರಲಿಲ್ಲ. ಫೋಟೋದಲ್ಲಿ ಮುಖವಿರುವ ಕಡೆ ಕಲ್ಲುಹೂವಿನ ಬಿಳಿ ಮಚ್ಚೆ ಇತ್ತು. ಚುಕ್ಕಿ ಇಡುತ್ತ ಹೋದಂತೆ ಚುಕ್ಕಿಗಳು ತಾವಾಗಿ ಒತ್ತಾದವು, ತೆಳ್ಳಗಾದವು, ಮುಖವಾದವು. ಅವಳು ಆಗ ಮನಸ್ಸಿನಲ್ಲಿ ಎಲ್ಲಿದ್ದಳು? ನವಲಗುಂದದ ಮನೆಯಲ್ಲಿ ದಾದಿಯ ಮಗ್ಗದ ಹಿಂದೆ ಕೂತಿದ್ದಳು. ಜಮಖಾನೆಯ ನೇಯ್ಗೆ ಮನೆಯ ಸೊಸೆಯಂದಿರಿಗೆ ಮಾತ್ರ, ಹೆಣ್ಣುಮಕ್ಕಳು ಬೇರೆ ಮನೆಗೆ ಒಯ್ಯುತ್ತಾರೆಂದು ಅವರಿಗೆ ಕಲಿಸುವುದಿಲ್ಲ, ನೀ ಆ ಬಾಜು ಕುಂಡ್ರು ಎಂದು ದಾದಿ ಹಿಂದಕ್ಕೆ ಕೂರಿಸುತ್ತಿದ್ದಳು. ಆದರೆ ಜಮಖಾನೆಗೆ ಹಿಂದು ಮುಂದು ಇಲ್ಲ; ಎರಡೂ ಕಡೆಯಿಂದ ನವಿಲು ನವಿಲೇ. ಹಿಂದೆ ಕೂತು ಎಲ್ಲ ನೋಡಿದ ಹುಡುಗಿ ಒಮ್ಮೆ ಇದ್ದಲಿಯಿಂದ ಗೋಡೆಯ ಮೇಲೆ ಒಬ್ಬಳನ್ನು ಬರೆದಳು. ದಾದಿ ಬೈಯಲಿಲ್ಲ. ಇದ್ದಲಿ ಇಸಿದುಕೊಂಡು ಗೋಡೆಯ ಹುಡುಗಿಯ ಕೊರಳಿಗೆ ಅಡ್ಡ ಒಂದು ಗೆರೆ ಎಳೆದಳು. 'ಬರದವರ ಹತ್ತರ ಅದು ಉಸಿರ ಕೇಳತೈತಿ, ಬೇಟಾ. ಎಲ್ಲಿಂದ ತಂದ ಕೊಡ್ತಿ? ನಿನ್ನ ಉಸಿರಾಗಿಂದ ಕೊಡಬೇಕಾಗ್ತೈತಿ. ಕೊರಳಿಗೆ ಗೆರಿ ಎಳದ್ರ ಕೇಳೂದಿಲ್ಲ.' ಆ ರಾತ್ರಿ ರೂಬಿನಾ ತನ್ನ ಕೊರಳನ್ನು ಹಿಡಿದುಕೊಂಡೇ ಮಲಗಿದ್ದಳು. ಹುಬ್ಬಳ್ಳಿಯ ಮೇಜಿನ ಮುಂದೆ ಯಾವ ಚಿತ್ರಕ್ಕೂ ಗೆರೆ ಎಳೆದಿರಲಿಲ್ಲ. ಅವು ಕಲ್ಲಿನ ಚಿತ್ರಗಳು, ಕಲ್ಲಿಗೆ ಉಸಿರೇನು.

ಅನ್ನವ್ವ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಆ ಬೆರಳುಗಳಿಗೆ ಹಸಿಕಡಲೆಯ ಹುಳಿ ವಾಸನೆ. ಚಿತ್ರ ನೋಡಿದಳು, ಇವಳನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು.

"ಇಕಿ ನೀನ," ಎಂದಳು. "ನೀನ ಬಂದು ನಿಂತಿಯಲ್ಲ, ಯವ್ವಾ."

ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ಬನ್ನಿಗಿಡದ ಹತ್ತಿರ ಹೋಗಬೇಕಿತ್ತು. ಅಲ್ಲಿಂದ ನೋಡಿದರೂ ಗಾಜಿನ ಹಿಂದಿನವಳು ಸ್ಪಷ್ಟವಾಗಿ ಕಾಣುತ್ತಿದ್ದಳು, ಕಲ್ಲು ಕಾಣುತ್ತಿರಲಿಲ್ಲ. ಫೋನಿನಲ್ಲಿ ಈರೇಶ ಸರ್ ಎಲ್ಲವನ್ನೂ ಕೇಳಿಸಿಕೊಂಡರು. ಕೋಲಿನ ನೆರಳಿನ ಮಾತನ್ನೂ ಕೇಳಿಸಿಕೊಂಡರು.

"ರೂಬಿನಾ, ನಿನ್ನ ಚಿತ್ರ ಬಂದ ಮ್ಯಾಲೆ ನಾ ಮತ್ತೊಮ್ಮೆ ಹೋಗಿ ಮುಟ್ಟಿ ನೋಡೇನಿ. ಭುಜಾ ಕೈಗೆ ಹತ್ತೇತಿ. ಸುಳ್ಳ ಹೇಳಾಕ ನನಗೇನ ಹುಚ್ಚ ಹಿಡದೈತಿ?"

"ಚಿತ್ರ ಬರೂಕಿಂತ ಮೊದಲ ಮುಟ್ಟಿದ್ರೇನ್ರಿ ಸರ್?"

"ಮೊದಲ..." ಎಂದು ನಿಂತರು. "ಮೊದಲ ಮುಟ್ಟೂವಂಥಾದ್ದು ಏನೂ ಕಂಡಿದ್ದಿಲ್ಲಲ್ಲ."

ಗಾಳಿಗೆ ಜೋಳದ ರವದಿಯ ಒಣಗರಿಗಳು ಸರಸರ ಎಂದವು.

"ಕೇಳಿಲ್ಲೆ," ಎಂದರು, ಪಾಠ ಹೇಳುವ ದನಿಯಲ್ಲಿ. "ಪುಸ್ತಕ ಓದೋರು ಯಾರೂ ಯರಗುಪ್ಪಿಗೆ ಬರೂದಿಲ್ಲ. ಅವರಿಗೆ ನೀ ಬರದದ್ದ ಕಲ್ಲು. ನೀ ಉಬ್ಬು ಅಂದ್ರ ಉಬ್ಬು, ತಗ್ಗು ಅಂದ್ರ ತಗ್ಗು. ನಾ ನಿನ್ನ ಕಣ್ಣ ನಂಬತೀನಿ, ಮೊದಲಿಂದ ನಂಬೇನಿ. ಆದ್ರ ಹೆಂಗಸಿದ್ರ ಅದಕ್ಕೊಂದು ಪುಟಾ ಐತಿ. ಬರೇ ತಗ್ಗ ಇದ್ರ ಒಂದ ಸಾಲ ಬರದ ಮುಂದ ಹೋಗೂದು. ಖಾಲಿ ಜಾಗಾ ಯಾರ ಛಾಪಿಸ್ತಾರ? ಪುಟಾ ಹ್ವಾದ್ರ ಅದರ ಕೆಳಗಿನ ನಿನ್ನ ಹೆಸರೂ ಹೋಗ್ತೈತಿ, ಅದನ್ನೂ ನೋಡ್ಕೋ. ಹೊತ್ತ ಮುಳಗೂದ್ರಾಗ ಹೇಳು."

ಅವರು ಕೆಟ್ಟವರಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದುಕೊಂಡಳು ರೂಬಿನಾ. ಹಿಂತಿರುಗಿ ನಡೆಯುವಾಗ ಮನಸ್ಸಿನಲ್ಲಿ ಆ ಪುಟವನ್ನು ಬಿಡಿಸಿದಳು. ದಪ್ಪ ಕಾಗದ, ಹೊಸ ಶಾಯಿಯ ವಾಸನೆ, ಕೆಳಗೆ ಸಣ್ಣಕ್ಷರದಲ್ಲಿ ಹೆಸರು. ಅದನ್ನು ಯಾರೋ ದೂರದವರು ಓದುತ್ತಾರೆ. ಇವಳೊಬ್ಬಳು ಇದ್ದಾಳೆ ಎಂದು ಅವರಿಗೆ ಗೊತ್ತಾಗುತ್ತದೆ. ಅಷ್ಟೇ ಬೇಕಾಗಿದ್ದುದು, ಬೇರೇನಲ್ಲ. ತಗಡಿನ ನೆರಳಿನ ಆಚೆ ಅನ್ನವ್ವ ಮೊದಲು ಕೂತಲ್ಲೇ ಕೂತಿದ್ದಳು. ಸುಲಿದ ಕಾಳುಗಳನ್ನು ಇವಳಿಗೆಂದು ಒಂದು ಕಡೆ ಗುಂಪು ಮಾಡಿಟ್ಟಿದ್ದಳು. ಕಲ್ಲಿನತ್ತ ಬೆನ್ನು ಮಾಡಿದ್ದಳು, ಕರೆಯದ ಮನೆಯಲ್ಲಿ ಊಟಕ್ಕೆ ಕೂತವರು ಗೋಡೆಯತ್ತ ಮುಖ ಮಾಡುವ ಹಾಗೆ. ಕಲ್ಲು ಅವಳದು, ಹೊಲ ಅವಳದು.

ಸೂರ್ಯ ತಗಡಿನ ಅಂಚಿಗಿಂತ ಕೆಳಗಿಳಿದ. ಪಡುವಣದ ಬಿಸಿಲು ಕಂಬಗಳ ನಡುವೆ ನುಸುಳಿ ಕಲ್ಲಿನ ಮೇಲೆ ಎಡದಿಂದ ಬಿತ್ತು. ನಿಯಮದ ಬೆಳಕು. ತಾನು ಮೇಜಿನ ಮೇಲೆ ನಟಿಸುತ್ತ ಬಂದ ಬೆಳಕು ನಿಜವಾಗಿ ಬಂದುದನ್ನು ರೂಬಿನಾ ಮೊದಲ ಸಲ ಕಂಡಳು, ಮತ್ತು ಆ ಬೆಳಕಿನಲ್ಲಿ ಕಲ್ಲಿನೊಳಗಿನ ಆಕಾರದ ಎಡ ಅಂಚು ಕಪ್ಪಗಾಯಿತು. ಭುಜದ ಎಡ, ತೋಳಿನ ಎಡ, ಸೊಂಟದ ಎಡ: ತಗ್ಗಿನ ನೆರಳು. ಅವಳು ಚೀಲದಲ್ಲಿದ್ದ ಬರೆಯುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಹಾಳೆ ಹಚ್ಚಿದಳು. ನೆರಳಿದ್ದಲ್ಲಿ ಮಾತ್ರ ಚುಕ್ಕಿ ಇಟ್ಟಳು. ಒಂದೊಂದು ಚುಕ್ಕಿಗೂ ಹೆಂಗಸು ಒಂದಿಷ್ಟು ಹಿಂದೆ ಸರಿದಳು. ತೋಳು ಒಳಕ್ಕೆ ಹೋಯಿತು. ಎದೆ ಹೋಯಿತು. ಎತ್ತಿದ ಕೈ ಉಳಿದಿತ್ತು, ಹೊರಟವರು ದೂರದಿಂದ ತಿರುಗಿ ಎತ್ತುವ ಕೈ, ಅದೂ ಹೋಯಿತು. ಮುಖದ ಕಡೆ ಬಂದಾಗ ಪೆನ್ನು ನಿಂತಿತು. ಅಲ್ಲಿ ಏನೂ ಇರಲಿಲ್ಲ, ಆದ್ದರಿಂದ ಏನೂ ಬರೆಯಲಿಲ್ಲ. ಬರೆಯದೆ ಬಿಟ್ಟ ಆ ಬಿಳಿಯ ಮೇಲೆ ಕಣ್ಣಿಟ್ಟು ಕೂತಿರುವಾಗ ತನ್ನ ಕೆನ್ನೆ, ಮೂಗು, ತುಟಿ ಮರಗಟ್ಟುತ್ತಿರುವುದು ತಿಳಿಯಿತು. ಚಳಿಗಾಲದ ಸಂಜೆ, ಗಾಳಿಗೆ ಹಾಗಾಗುತ್ತದೆ.

ಬನ್ನಿಗಿಡದ ಕೆಳಗೆ ಹೋಗಿ 'ತಗ್ಗು, ಸರ್. ಪುಟ ತೆಗೆದುಬಿಡಿ' ಎಂದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಮಾತಿರಲಿಲ್ಲ, ಹೆಬ್ಬೆರಳಿನ ಚಿತ್ರ ಮಾತ್ರ.

"ಇದಕ್ಕ ಏನ ಮಾಡೂದು?" ಅನ್ನವ್ವ ಗಾಜಿನ ಚೌಕಟ್ಟನ್ನು ಕಂಬದಿಂದ ಇಳಿಸಿ ಹಿಡಿದಿದ್ದಳು. "ಅರಿಷಿಣ ಕುಂಕುಮಾ ಬಿದ್ದೈತಿ. ಸುಡಾಕ ಬರೂದಿಲ್ಲ, ಹರಿಯಾಕ ಬರೂದಿಲ್ಲ. ಬಾವ್ಯಾಗ ಹಾಕಿದ್ರ ನೀರಾಗ ಎದ್ದ ನಿಂದರತಾಳ."

"ಕೊಡ್ರಿ ಇಲ್ಲೆ." ರೂಬಿನಾ ಗಾಜಿನ ಹಿಂದಿನಿಂದ ಹಾಳೆಯನ್ನು ಹೊರತೆಗೆದಳು. ಹೊರಬಂದ ಮುಖ ಅವಳನ್ನು ನೋಡಿತು. ಅದು ಬೇಡುತ್ತಿರಲಿಲ್ಲ, ಬೆದರಿಸುತ್ತಿರಲಿಲ್ಲ. ಚಹಾ ಆಯಿತೇ ನೋಡಿ ಬಾ ಎಂದರೆ ಎದ್ದು ಹೋಗುವವಳ ಮುಖ ಅದು. ಅವಳು ಪೆನ್ನಿನ ಮುಚ್ಚಳ ತೆಗೆದು ಕೊರಳಿಗೆ ಅಡ್ಡ, ಎಡದಿಂದ ಬಲಕ್ಕೆ, ಒಂದೇ ಗೆರೆ ಎಳೆದಳು. ಮುರಿದ ಗೆರೆಯಲ್ಲ. ಗೆರೆ ಮುಗಿಯುವಷ್ಟರಲ್ಲಿ ಅವಳ ಎಡಗೈ ತನ್ನ ಕೊರಳ ಮೇಲಿತ್ತು. ಅಲ್ಲಿ ಒದ್ದೆ ದಾರ ಸುತ್ತಿದಂಥ ತಂಪು. ಹಾಳೆಯನ್ನು ಮಡಚಿ ಚೀಲಕ್ಕೆ ಸೇರಿಸಿದಳು.

ಅನ್ನವ್ವ ಕಲ್ಲಿನ ಮುಂದೆ ಹೋಗಿ ನಿಂತಳು. ಕಣ್ಣು ಮುಚ್ಚಲಿಲ್ಲ. ಅಗಲವಾಗಿ ತೆರೆದುಕೊಂಡೇ, ಒಲೆಯ ಮೇಲಿನ ಹಂಚು ಕಾದಿದೆಯೇ ಎಂದು ನೋಡುವವಳಂತೆ, ಬೆರಳ ತುದಿಯನ್ನು ಮುಂದೆ ಮಾಡಿದಳು. ತುದಿ ಒಳಗೆ ಹೋಯಿತು. ಅಂಗೈ ಹೋಯಿತು. ಮಣಿಕಟ್ಟಿನ ಹಸಿರು ಬಳೆಗಳು ಕಲ್ಲಿನ ಅಂಚಿಗೆ ತಾಗಿ ಕಿಣಿ ಎಂದವು. ಅವಳ ಬೆನ್ನು ಸಡಿಲವಾದದ್ದು ಸೆರಗಿನ ಮೇಲಿನಿಂದಲೇ ತಿಳಿಯಿತು.

"ಖಾಲಿ ಐತಿ," ಎಂದಳು. ಇನ್ನೊಮ್ಮೆ, ಮೆಲ್ಲಗೆ, "ಖಾಲಿ ಐತಿ."

ರಸ್ತೆಯ ಕಡೆಯಿಂದ ಹೊಳೆಪ್ಪನ ಗಾಡಿಯ ಸದ್ದು ಬರುತ್ತಿತ್ತು. ಕಂಬಗಳ ನೆರಳು, ಕಲ್ಲಿನ ನೆರಳು, ಅನ್ನವ್ವನ ನೆರಳು ಉದ್ದಕ್ಕೆ ಮೂಡಣದ ಜೋಳದೊಳಗೆ ಹೋಗಿ ಮಲಗಿದ್ದವು. ರೂಬಿನಾ ತನ್ನದನ್ನು ಹುಡುಕಲು ಹೋಗಲಿಲ್ಲ. ಚೀಲ ಹೆಗಲಿಗೇರಿಸಿ "ಹೋಗಿ ಬರ್ತೀನ್ರಿ ದೊಡ್ಡವ್ವ" ಎಂದಳು. ತುಟಿ ಆಡಿದ್ದು ಗೊತ್ತಾಯಿತು. ದನಿ ಕೊರಳ ತಂಪಿನ ಕೆಳಗೇ ಉಳಿದಂತಿತ್ತು, ಏಕೆಂದರೆ ಅನ್ನವ್ವ ತಿರುಗಿ ನೋಡಲಿಲ್ಲ. ಕುಳಿಯೊಳಗೆ ಕೈ ಇಟ್ಟುಕೊಂಡೇ ಕೆನ್ನೆಯನ್ನು ಕಲ್ಲಿಗೆ ಆನಿಸಿ, ಬಾಗಿಲ ಆಚೆ ನಿಂತವರಿಗೆ ಹೇಳುವ ಹಾಗೆ, ಒಳಕ್ಕೆ ಹೇಳುತ್ತಿದ್ದಳು.

"ಬಾ. ಜಾಗಾ ಐತಿ."